ಕೋವಿಗೆ ತಕ್ಕ ಚಕಮಕಿ ಕಲ್ಲು

ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಒಂದು ಕಲ್ಲಿನ ಅಳತೆಯ ಬಗ್ಗೆ ಮಾತಾಡಲಿದ್ದೇನೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ತೋಟಾ ಕೋವಿ, ಕೇಪಿನ ಕೋವಿ ಎಂಬ ಮಾತು ಕೇಳಿ ಬೆಳೆದವರು ಹಲವರಿದ್ದೀರಿ. ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸಲು ನಮ್ಮ ಮನೆಯಲ್ಲೂ ಒಂದು ಕೇಪಿನ ಕೋವಿ ಇತ್ತು. ಆ ಕೇಪು ಬರುವುದಕ್ಕಿಂತ ಮುಂಚಿನ ಕೋವಿಯೇ ಚಕಮಕಿ ಕೋವಿ, ಇಲ್ಲಿಯವರ ಬಾಯಲ್ಲಿ ಫ್ಲಿಂಟ್‌ಲಾಕ್. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೋಡೆಯ ಎರಡೂ ಬದಿಗೆ ಸಿಡಿದದ್ದು ಇಂಥ ಕೋವಿಗಳೇ. ಆಮೇಲೆ ಐವತ್ತು ವರ್ಷದೊಳಗೆ ಸೈನ್ಯಗಳು ಕೇಪಿಗೆ ತಿರುಗಿದವು, ಚಕಮಕಿ ಮೂಲೆಗೆ ಸೇರಿತು. ಆದರೆ ಪೆನ್ಸಿಲ್ವೇನಿಯಾದಲ್ಲಿ ಅದು ಇನ್ನೂ ಬದುಕಿದೆ. ಕ್ರಿಸ್‌ಮಸ್ ಮುಗಿದ ಮರುದಿನದಿಂದ ಇಲ್ಲೊಂದು ಜಿಂಕೆ ಬೇಟೆಯ ಋತು ಶುರುವಾಗುತ್ತದೆ. ರಾಜ್ಯದ ಬಹುಭಾಗದಲ್ಲಿ ಆಗ ಬಂದೂಕು ಹಿಡಿದು ಹೋಗುವವರು ಚಕಮಕಿ ಕೋವಿಯನ್ನೇ ಹಿಡಿಯಬೇಕು.

ನನ್ನ ಎರಡನೆಯ ಚಳಿಗಾಲ ಅದು. ಪಕ್ಕದ ಮನೆಯ ಅಜ್ಜನೇ ನನ್ನ ಗುರು. ಲೈಸೆನ್ಸು, ತರಬೇತಿ ಎಲ್ಲ ಮುಗಿಸಿದ್ದೆ. ಕಲ್ಲು ಮಾತ್ರ ನಾನೇ ತರಿಸಿಕೊಂಡೆ. ಮುಕ್ಕಾಲು ಇಂಚಿನದು ಬೇಕಿದ್ದ ಕಡೆ ಒಂದಿಂಚಿನದು. ಬೆಳೆಯುವ ಹುಡುಗನಿಗೆ ಎರಡು ಬೆರಳು ದೊಡ್ಡದಾಗಿ ಅಂಗಿ ಹೊಲಿಸುವ ಮನೆಯಿಂದ ಬಂದವನಲ್ಲವೇ ನಾನು! ದೊಡ್ಡದಿದ್ದರೆ ಹೆಚ್ಚು ದಿನ ಬಾಳಿಕೆ ಬರುತ್ತದೆ, ಕಿಡಿಯೂ ಜೋರು ಎಂದುಕೊಂಡೆ. ಹಿಮದಲ್ಲಿ ಮೂರು ಗಂಟೆ ನಡೆದ ಮೇಲೆ ಜಿಂಕೆಯೊಂದು ಮುಂದೆ ಬಂದು ನಿಂತಿತು. ಟ್ರಿಗರ್ ಎಳೆದೆ. ಕಿಡಿ ಹಾರಿತು, ಚೂರು ಹೊಗೆ ಬಂತು, ಅಷ್ಟೇ. ಜಿಂಕೆ ಮಾಯ. 'ಛೆ' ಎಂದು ಕೋವಿ ಇಳಿಸುತ್ತಿದ್ದಂತೆ, ಒಂದು ಉಸಿರಿನಷ್ಟು ತಡವಾಗಿ, ಅದು ಸಿಡಿಯಿತು. ಗುಂಡು ಅಜ್ಜನ ಬೂಟಿಗೆ ನಾಲ್ಕು ಅಡಿ ಮುಂದೆ ಹಿಮದಲ್ಲಿ ಹೊಕ್ಕಿತು.

ಅಜ್ಜ ಬೈಯಲಿಲ್ಲ. ಕೋವಿ ತೆಗೆದುಕೊಂಡು, ಕಲ್ಲು ನೋಡಿ, 'ಯಾರು ಕೊಟ್ಟರು ಇದನ್ನು?' ಎಂದು ಮಾತ್ರ ಕೇಳಿದರು. ಬೈದಿದ್ದರೇ ವಾಸಿಯಿತ್ತು.

ಏನಾಗಿತ್ತು ಎಂದು ತಿಳಿಯಲು ಈ ಕೋವಿಯ ಬೀಗ ಕೆಲಸ ಮಾಡುವ ಬಗೆ ತಿಳಿಯಬೇಕು. ಕಲ್ಲನ್ನು ಎರಡು ದವಡೆಗಳ ನಡುವೆ ಕಚ್ಚಿ ಹಿಡಿಯುವ ಸುತ್ತಿಗೆಯಂಥ ಭಾಗಕ್ಕೆ ಕನ್ನಡದಲ್ಲಿ ಕುದುರೆ ಎನ್ನುತ್ತಾರೆ, ಇಂಗ್ಲಿಷಿನವರು ಕಾಕ್, ಅಂದರೆ ಹುಂಜ, ಎನ್ನುತ್ತಾರೆ. ಹುಂಜವೋ ಕುದುರೆಯೋ, ಅದು ಮುಂದಕ್ಕೆ ಬಡಿದಾಗ ಕಲ್ಲು ಎದುರಿನ ಉಕ್ಕಿನ ಹಲಗೆಯನ್ನು ಕೆರೆದುಕೊಂಡು ಇಳಿಯುತ್ತದೆ. ಈ ಹಲಗೆಯೇ ಫ್ರಿಜನ್. ಹಾರುವ ಕಿಡಿ ಕಲ್ಲಿನದಲ್ಲ. ಕಲ್ಲು ಕೆರೆದು ತೆಗೆದ ಉಕ್ಕಿನ ಸಣ್ಣ ಚೂರುಗಳು ಗಾಳಿಯಲ್ಲಿ ಉರಿಯುವುದೇ ಕಿಡಿ. ಅದೇ ಏಟಿಗೆ ಫ್ರಿಜನ್ ಮುಂದಕ್ಕೆ ಮಗುಚಿ, ಅದರ ಬುಡ ಮುಚ್ಚಿಟ್ಟಿದ್ದ ಪುಟ್ಟ ಬಟ್ಟಲು ತೆರೆಯುತ್ತದೆ. ಬಟ್ಟಲಲ್ಲಿರುವ ನಯವಾದ ಮದ್ದು, ಹಳಬರು ರಂಜಕ ಎನ್ನುತ್ತಿದ್ದದ್ದು, ಹೊತ್ತಿಕೊಳ್ಳುತ್ತದೆ. ಪಕ್ಕದ ಸಣ್ಣ ತೂತಿನ ಮೂಲಕ ಬೆಂಕಿ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ.

ನನ್ನ ಉದ್ದನೆಯ ಕಲ್ಲು ಮಾಡಿದ್ದೇನು? ಕುದುರೆಯನ್ನು ಅರ್ಧ ಏರಿಸಿ ನಡೆಯುವಾಗ ಅದರ ಮೂತಿ ಫ್ರಿಜನ್ನಿಗೆ ತಾಗಿ, ಅದನ್ನು ಕೂದಲೆಳೆಯಷ್ಟು ಎತ್ತಿಟ್ಟಿತ್ತು. ಮೂರು ಗಂಟೆಯ ನಡಿಗೆಯಲ್ಲಿ ರಂಜಕ ಸೋರಿತ್ತು, ಉಳಿದದ್ದಕ್ಕೆ ತೇವ ಹತ್ತಿತ್ತು. ಹಾಗಾಗಿ ಬೆಂಕಿ ಒಳಗೆ ಹೋಗಲು ತಡಮಾಡಿತು. ಸಿಡಿಯದ ಕೋವಿಯ ಮೂತಿಯನ್ನು ಗುರಿಯತ್ತಲೇ ಇಟ್ಟು ಒಂದು ನಿಮಿಷವಾದರೂ ಕಾಯಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮರೆತೆ. ಅದು ನನ್ನ ತಪ್ಪೇ, ಕಲ್ಲಿನದಲ್ಲ.

ಈಗ ಅಳತೆಗೆ ಬರೋಣ. ಮೊದಲು ಕೋವಿಯಲ್ಲಿ ಮದ್ದು, ಗುಂಡು, ರಂಜಕ ಏನೂ ಇಲ್ಲವೆಂದು ಎರಡು ಸಲ ನೋಡಿ. ಗಜಕಡ್ಡಿಯನ್ನು ನಳಿಗೆಯೊಳಗೆ ಬಿಟ್ಟು ತಳ ಮುಟ್ಟುತ್ತದೆಯೇ ಎಂದು ಪರೀಕ್ಷಿಸಿ. ಆಮೇಲೆ ಫ್ರಿಜನ್ನಿನ ಅಗಲ ಅಳೆಯಿರಿ. ಕಲ್ಲಿನ ಅಗಲ ಅಷ್ಟೇ ಇರಬೇಕು, ಇಲ್ಲವೇ ಒಂದು ಎಳೆ ಕಡಿಮೆ. ಅಗಲ ಹೆಚ್ಚಾದರೆ ಒಳಬದಿಯ ಅಂಚು ನಳಿಗೆಗೆ ತಾಗಿ ಕಲ್ಲೂ ಮುರಿಯುತ್ತದೆ, ನಳಿಗೆಯೂ ಗೀರಿಹೋಗುತ್ತದೆ. ತೀರಾ ಕಡಿಮೆಯಾದರೆ ಕಿಡಿ ಕಡಿಮೆ, ಜೊತೆಗೆ ಉಕ್ಕಿನ ನಡುವೆ ಒಂದು ಕಾಲುವೆ ಕೊರೆದುಬಿಡುತ್ತದೆ. ಕಲ್ಲು ಅಗ್ಗ, ಫ್ರಿಜನ್ ಅಗ್ಗವಲ್ಲ.

ಉದ್ದವೇ ಕಷ್ಟದ ವಿಚಾರ. ಕಲ್ಲನ್ನು ಒಂದು ತುಂಡು ತೊಗಲಿನಲ್ಲಿ ಸುತ್ತಿ ದವಡೆಗೆ ಇಡಿ. ತೊಗಲು ಇಲ್ಲದೆ ಉಕ್ಕಿನ ದವಡೆ ಕಲ್ಲನ್ನು ಹಿಡಿದು ನಿಲ್ಲಿಸಲಾರದು, ಬಿಗಿದರೆ ಒಡೆಯುತ್ತದೆ. ಕಲ್ಲಿನ ಹಿಂಬದಿ ಸ್ಕ್ರೂಗೆ ಒರಗಿರಲಿ. ಕುದುರೆಯನ್ನು ಅರ್ಧ ಏರಿಸಿ ಫ್ರಿಜನ್ ಮುಚ್ಚಿ. ಕಲ್ಲಿಗೂ ಉಕ್ಕಿಗೂ ನಡುವೆ ಒಂದು ದಪ್ಪ ರಟ್ಟು ತೂರುವಷ್ಟು ಸಂದು, ಸುಮಾರು ಇಂಚಿನ ಹದಿನಾರನೆಯ ಒಂದು ಭಾಗ, ಉಳಿಯಬೇಕು. ತಾಗಿದರೆ ಆ ಕಲ್ಲು ನಿಮ್ಮದಲ್ಲ. ಸಂದು ಬಹಳ ದೊಡ್ಡದಿದ್ದರೆ ಕಲ್ಲು ಗಿಡ್ಡ. ಗಿಡ್ಡ ಕಲ್ಲು ಉಕ್ಕಿನ ಕೆಳಗೆಲ್ಲೋ ಬಡಿದು, ಫ್ರಿಜನ್ನನ್ನು ಪೂರ್ತಿ ಮಗುಚದೆ ನಿಲ್ಲುತ್ತದೆ.

ಇನ್ನು, ಕುದುರೆಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಹಿಡಿದು ನಿಧಾನ ಇಳಿಸಿ. ಅಂಚು ಉಕ್ಕಿನ ಮೇಲಿನಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿ ಮುಟ್ಟಬೇಕು, ಉಕ್ಕಿನ ಅಗಲಕ್ಕೂ ಒಂದೇ ಸಮ ಕೂರಬೇಕು. ಹಾಗಾಗದಿದ್ದರೆ ಹೊಸ ಕಲ್ಲು ತರಿಸುವ ಮುಂಚೆ ಇದನ್ನೇ ಬೋರಲು ಮಾಡಿ ನೋಡಿ. ಕಲ್ಲಿನ ಒಂದು ಮಗ್ಗುಲು ಇಳಿಜಾರಾಗಿರುತ್ತದೆ. ಅದು ಮೇಲಿರಬೇಕೇ ಕೆಳಗಿರಬೇಕೇ ಎಂದು ಇಲ್ಲಿಯ ಹಳಬರು ಮಧ್ವರು ಸ್ಮಾರ್ತರು ವಾದಿಸಿದ ಹಾಗೆ ವಾದಿಸುತ್ತಾರೆ. ನಿಮ್ಮ ಕೋವಿ ಯಾವುದಕ್ಕೆ ಒಪ್ಪುತ್ತದೋ ಅದೇ ಸರಿ. ಕೊನೆಗೆ ಕುದುರೆ ಪೂರ್ತಿ ಇಳಿದಾಗ ಕಲ್ಲಿನ ಮೂತಿ ಬಟ್ಟಲಿನತ್ತ ನೋಡುತ್ತಿರಬೇಕು, ಬಟ್ಟಲಿಗೆ ಬಡಿಯಬಾರದು.

ದಪ್ಪದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ದವಡೆಗಳೂ ಹೆಚ್ಚುಕಡಿಮೆ ಸಮಾನಾಂತರವಾಗಿ ಕಚ್ಚಿದರೆ ಸಾಕು.

ಅಂಗಡಿಯ ಪೊಟ್ಟಣದ ಮೇಲೆ ಬರೆದ ಅಳತೆ ಒಂದು ಅಂದಾಜು ಮಾತ್ರ. ಇಂಗ್ಲೆಂಡಿನ ಸಫೋಕ್ ಪ್ರಾಂತ್ಯದ ಬ್ರಾಂಡನ್ ಊರು ಒಂದು ಕಾಲಕ್ಕೆ ಬ್ರಿಟಿಷ್ ಸೈನ್ಯಕ್ಕೇ ಕಲ್ಲು ಒದಗಿಸಿದ ಊರು. ಅಲ್ಲಿಯ ಕಪ್ಪು ಕಲ್ಲಾಗಲಿ, ಫ್ರಾನ್ಸಿನ ಜೇನುಬಣ್ಣದ ಕಲ್ಲಾಗಲಿ, ಕೈಯಲ್ಲಿ ಸುತ್ತಿಗೆ ಹಿಡಿದು ಸೀಳಿದ್ದು. ಒಂದೇ ಪೊಟ್ಟಣದ ಹನ್ನೆರಡರಲ್ಲಿ ಎರಡು ಒಂದೇ ಥರ ಇರುವುದಿಲ್ಲ. ಯಂತ್ರದಲ್ಲಿ ಕೊಯ್ದ ಅಗೇಟ್ ಕಲ್ಲುಗಳು ಸಮನಾಗಿರುತ್ತವೆ, ಆದರೆ ಸೀಳಿದ ಕಲ್ಲಿನ ಅಂಚಿನ ಹರಿತ ಅವಕ್ಕಿಲ್ಲ ಎಂಬುದು ನನ್ನ ಅನುಭವ. ಹಳೆಯ ಬ್ರಿಟಿಷ್ ಮಸ್ಕೆಟ್ಟಿನ ಮಾದರಿಯ ಕೋವಿಗೆ ಇಂಚಿನಷ್ಟು ಅಗಲದ್ದು ಬೇಕು, ಇಲ್ಲಿಯ ಉದ್ದ ರೈಫಲ್ಲುಗಳಿಗೆ ಸಾಮಾನ್ಯವಾಗಿ ಮುಕ್ಕಾಲು ಇಂಚು ಅಥವಾ ಅದಕ್ಕಿಂತ ಚಿಕ್ಕದು. ಇದನ್ನೂ ನನ್ನ ಮಾತಿನ ಮೇಲೆ ನಂಬಬೇಡಿ, ಅಳೆಯಿರಿ.

ಹೊಡೆದಂತೆಲ್ಲ ಕಲ್ಲು ಸವೆದು ಗಿಡ್ಡವಾಗುತ್ತದೆ. ಎಸೆಯಬೇಡಿ. ಹಿಂದೆ ಒಂದು ಚೂರು ಬೆಂಕಿಕಡ್ಡಿಯೋ ತೊಗಲೋ ಇಟ್ಟು ಮುಂದಕ್ಕೆ ತಳ್ಳಿದರೆ ಇನ್ನಷ್ಟು ದಿನ ಬರುತ್ತದೆ. ಹೊಸದಾಗಿ ಈ ನಾಡಿಗೆ ಬಂದವರು ಕೋವಿ ಮುಟ್ಟುವ ಮೊದಲು ನಿಮ್ಮ ವೀಸಾಕ್ಕೆ, ನೀವಿರುವ ರಾಜ್ಯಕ್ಕೆ ಅನ್ವಯಿಸುವ ಕಾನೂನು ವಿಚಾರಿಸಿಕೊಳ್ಳಿ.

ಅಜ್ಜ ಈಗಲೂ ನನ್ನ ಜೊತೆ ಕಾಡಿಗೆ ಬರುತ್ತಾರೆ. ಹೊರಡುವ ಮುಂಚೆ ಜೇಬಿನಿಂದ ಒಂದು ರಟ್ಟಿನ ಚೂರು ತೆಗೆದು, ನನ್ನ ಕಲ್ಲಿಗೂ ಉಕ್ಕಿಗೂ ನಡುವೆ ತಾವೇ ತೂರಿಸಿ ನೋಡುತ್ತಾರೆ. ಆಮೇಲೆ ನನ್ನ ಹಿಂದೆ ನಡೆಯುತ್ತಾರೆ, ಮುಂದೆ ಅಲ್ಲ.