ದಾರಿಬುತ್ತಿ

ಸಂಬಳವೆಂಬ ನಿತ್ಯದ ಮಾತಿನ ಹಿಂದಿರುವುದು ‘ಶಂಬಲ’ವೆಂಬ ಸಂಸ್ಕೃತ ಶಬ್ದ, ದಾರಿಬುತ್ತಿಯೆಂದು ಅದರರ್ಥ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ನಾವು ಹೆಚ್ಚಾಗಿ ‘ಪಗಾರ’ವೆನ್ನುತ್ತೇವೆ. ಅದು ಪೋರ್ತುಗೀಜರಿಂದ ಬಂದದ್ದು, ಹಣ ಸಲ್ಲಿಸುವುದೆಂದಷ್ಟೇ ಅದರರ್ಥ. ಒಂದರಲ್ಲಿ ಪಯಣಿಗನ ಹಸಿವೆಯ ಚಿಂತೆಯಿದೆ, ಇನ್ನೊಂದರಲ್ಲಿ ಬರಿಯ ಲೆಕ್ಕ ಚುಕ್ತಾ. ಸರಕಾರಿ ನೌಕರರ ವೇತನ, ನಿವೃತ್ತಿವೇತನಗಳ ವಾದವೆಲ್ಲ ಈ ಎರಡರ ನಡುವಿನ ಜಗ್ಗಾಟವೆಂದೇ ನನಗೆ ತೋರುತ್ತದೆ.

ದುಡಿಮೆ ಮುಗಿದ ಮೇಲೂ ಬುತ್ತಿ ಸಲ್ಲಬೇಕೆಂಬುದು ನಮ್ಮ ನಾಡಿಗೆ ಹೊಸ ವಿಚಾರವಲ್ಲ. ಕಾದಿ ಮಡಿದ ವೀರನ ಮನೆಯವರಿಗೆ ಬಿಟ್ಟ ಭೂಮಿಯನ್ನು ಶಾಸನಗಳು ನೆತ್ತರುಗೊಡಗೆಯೆಂದು ಕರೆಯುತ್ತವೆ. ಇಂದಿನ ಕುಟುಂಬ ಪಿಂಚಣಿಯ ಪೂರ್ವರೂಪವದು. ಆದರೆ ಕೊಡಗೆಯೆಂದರೆ ಅರಸನ ಔದಾರ್ಯ. ಪಿಂಚಣಿಯು ಔದಾರ್ಯವಲ್ಲ, ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಾಕರಾ ಮೊಕದ್ದಮೆಯಲ್ಲಿ ಹೇಳಿತು. ಪಿಂಚಣಿಯ ಸೂತ್ರವನ್ನು ಸುಧಾರಿಸುವಾಗ ನಿವೃತ್ತಿಯ ದಿನಾಂಕವನ್ನೇ ಗೆರೆಯಾಗಿ ಎಳೆದು ಪಿಂಚಣಿದಾರರನ್ನು ಎರಡಾಗಿ ಸೀಳಬಾರದೆಂಬುದೂ ಆ ತೀರ್ಪಿನ ಸಾರ.

ಆ ಗೆರೆ ಬೇರೊಂದು ರೂಪದಲ್ಲಿ ಮರಳಿ ಬಂತು. ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯಲ್ಲಿ 2022ರ ನವೆಂಬರಿನಲ್ಲಿ ರಚಿತವಾದ ಏಳನೆಯ ರಾಜ್ಯ ವೇತನ ಆಯೋಗವು 2024ರ ಮಾರ್ಚ್ 16ರಂದು ವರದಿಯನ್ನೊಪ್ಪಿಸಿತು. ನಡುವೆ, 2023ರ ಮಾರ್ಚ್ 1ರಂದು ನೌಕರರು ಕೆಲಸ ನಿಲ್ಲಿಸಿದಾಗ, ಶೇಕಡಾ 17ರ ಮಧ್ಯಂತರ ಪರಿಹಾರ ದೊರೆತಿತ್ತು. ವರದಿಯು 2024ರ ಆಗಸ್ಟ್ 1ರಿಂದ ಜಾರಿಗೆ ಬಂದು ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೂ, ಕನಿಷ್ಠ ಪಿಂಚಣಿ 8,500ರಿಂದ 13,500ಕ್ಕೂ ಏರಿದವು. ಇದರಲ್ಲಿ 31 ಶೇಕಡಾ ಮೊದಲೇ ಸಿಗುತ್ತಿದ್ದ ತುಟ್ಟಿಭತ್ಯೆ. ನಿಜವಾದ ಹೆಚ್ಚಳ 27.5. ಆದರೂ ಸಂತೋಷವೇ.

ತೊಡಕಿದ್ದುದು ದಿನಾಂಕದಲ್ಲಿ. ಪರಿಷ್ಕರಣೆ 2022ರ ಜುಲೈ 1ರಿಂದಲೇ ಆಯಿತು, ಆದರೆ ‘ಕಾಲ್ಪನಿಕ’ವಾಗಿ. ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಕಲ್ಪನೆಯೆಂದರೆ ಗೌರವವುಂಟು. ಆದರೆ ಅದನ್ನು ಕೊಟ್ಟು ಸಂತೆಯಲ್ಲಿ ಕಾಯಿಪಲ್ಲೆ ತರಲಾಗದು. ಆ ದಿನದಿಂದ 2024ರ ಜುಲೈ 31ರ ತನಕ ನಿವೃತ್ತರಾದವರಿಗೆ ಪಿಂಚಣಿಯೇನೋ ಆಗಸ್ಟಿನಿಂದ ಏರಿತು. ಉಪದಾನ, ಪಿಂಚಣಿಯ ಪರಿವರ್ತನೆ, ಗಳಿಕೆ ರಜೆಯ ನಗದು ಮಾತ್ರ ಹಳೆಯ ವೇತನದ ಲೆಕ್ಕದಲ್ಲಿಯೇ ಉಳಿದವು. ಮನೆ ಕಟ್ಟುವುದು, ಮಗಳ ಮದುವೆ ಮಾಡುವುದು ಈ ಗಂಟಿನಿಂದಲೇ. ಒಂದೇ ಶಾಲೆಯಲ್ಲಿ ಜೊತೆಗೆ ದುಡಿದ ಇಬ್ಬರಲ್ಲಿ ಜುಲೈ ಕೊನೆಗೆ ಹೊರಬಂದವರಿಗೂ ಆಗಸ್ಟ್ ಕೊನೆಗೆ ಹೊರಬಂದವರಿಗೂ ಲಕ್ಷಗಳ ಅಂತರ. ಆ ಎರಡು ವರ್ಷಗಳ ನಿವೃತ್ತರು ಬೀದಿಗಿಳಿದು ಕೇಳಿದ್ದು ಇದನ್ನೇ. ಕೇಳಿದ್ದು ನ್ಯಾಯವಾಗಿಯೇ ಇತ್ತೆಂದು ನಾನು ಬಲ್ಲೆ.

ನಮಗೆಲ್ಲಿಯ ಪಿಂಚಣಿ ಸ್ವಾಮಿ, ಎಂದು ರೈತ ಬಂಧುಗಳು ಕೇಳಿಯಾರು. ಕೇಳತಕ್ಕದ್ದೇ. ಆಯೋಗದ ವರದಿ ಬರುವುದಕ್ಕೆ ಐದು ದಿನ ಮೊದಲು, ಮಾರ್ಚ್ 11ರಂದು, ಮೆಣಸಿನಕಾಯಿಯ ದರ ಕುಸಿದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಕಲ್ಲು ತೂರಿದವು, ವಾಹನಗಳು ಸುಟ್ಟವು. ರೈತನ ವರುಷದ ಬೆವರಿಗೆ ತಕ್ಕ ಬೆಲೆ ಸಿಗುತ್ತಿಲ್ಲ. ಆದರೆ ನೌಕರನ ಬುತ್ತಿಯನ್ನು ಕಸಿದರೆ ಕಾಯಿಯ ದರವೇನೂ ಏರದು. ನಮ್ಮ ಕಡೆ ಇವರಿಬ್ಬರೂ ಒಂದೇ ಮನೆಯವರು. ತಂದೆ ಕಾಯಿಯ ಚೀಲ ಹೇರಿಕೊಂಡು ಪೇಟೆಗೆ ಹೋದರೆ, ಮಗ ಕನ್ನಡ ಸಾಲಿಯಲ್ಲಿ ಮಾಸ್ತರ. ಮಗನ ಪಗಾರ ಬಂದ ಮೇಲೆ ತಂದೆಯ ಸೊಸೈಟಿಯ ಕಂತು ಕಟ್ಟುವುದು.

ಆ ಮಗ 2006ರ ಏಪ್ರಿಲ್ 1ರ ಅನಂತರ ಸೇರಿದವನಾದರೆ ಅವನಿಗೂ ನಿಶ್ಚಿತ ಪಿಂಚಣಿಯಿಲ್ಲ. ಅವನ ವೇತನದಿಂದ ಶೇಕಡಾ 10, ಸರಕಾರದಿಂದ 14 ಸೇರಿ ಪೇಟೆಯಲ್ಲಿ ತೊಡಗುತ್ತವೆ. ಅಪ್ಪನಂತೆ ಅವನೂ ಪೇಟೆಯ ಧಾರಣೆಯನ್ನು ನೋಡುತ್ತ ಕೂಡ್ರಬೇಕು. ನಾನು ಹಳೆಯ ಪದ್ಧತಿಯವನು. ಪ್ರತಿ ನವೆಂಬರಿನಲ್ಲಿ ಬದುಕಿದ್ದೇನೆಂದು ಬ್ಯಾಂಕಿಗೆ ಪ್ರಮಾಣಪತ್ರವನ್ನಿತ್ತರೆ ಸಾಕು. 2006ಕ್ಕೆ ಮುಂಚೆ ನೇಮಕಾತಿಯ ಅಧಿಸೂಚನೆಯಾಗಿದ್ದ ಸುಮಾರು 13,000 ಮಂದಿಗೆ 2024ರ ಜನವರಿಯಲ್ಲಿ ಹಳೆಯ ಪದ್ಧತಿಗೆ ಮರಳುವ ಅವಕಾಶ ದೊರೆಯಿತು. ಕೇಂದ್ರವು ತನ್ನ ನೌಕರರಿಗೆ 25 ವರುಷದ ಸೇವೆಗೆ ಅರ್ಧ ಮೂಲವೇತನದ ಭರವಸೆಯಿತ್ತು 2025ರ ಏಪ್ರಿಲ್ 1ರಿಂದ ಏಕೀಕೃತ ಯೋಜನೆಯನ್ನು ತಂದಿದೆ. ಉಳಿದವರು ಕಾಯುತ್ತಿದ್ದಾರೆ. 2006ರಲ್ಲಿ ಮೂವತ್ತರ ಹರೆಯದಲ್ಲಿ ನೌಕರಿ ಹಿಡಿದವರಿಗೆ 2036ರಲ್ಲಿ ಅರವತ್ತು ತುಂಬುತ್ತದೆ.