ವಿದ್ಯುದಾವೇಶದ ಆಸರೆಯಲ್ಲಿ ಕಿಣ್ವದ ನೆಲೆ



ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅವರಲ್ಲಿ ಅನೇಕರಿಗೆ, ಒಂದು ಹನಿ ರಕ್ತದಿಂದ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಪುಟ್ಟ ಪಟ್ಟಿಯು ನಿತ್ಯದ ಅವಶ್ಯಕತೆಯಾಗಿದೆ. ಪಟ್ಟಿ ತೋರುವ ಅಂಕಿ ತಪ್ಪಿದರೆ ಇನ್ಸುಲಿನ್ನಿನ ಪ್ರಮಾಣವೂ ತಪ್ಪುತ್ತದೆ. ಪ್ರಾಣಕ್ಕೇ ಅಪಾಯ ಒದಗಬಹುದು.

ಇಂತಹ ಸಂವೇದಕದ ಮೂಲ ಕಲ್ಪನೆಯನ್ನು 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಮಂಡಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವು ಸಕ್ಕರೆಯೊಡನೆ ವರ್ತಿಸಿದಾಗ ಉಂಟಾಗುವ ಬದಲಾವಣೆಯನ್ನು ವಿದ್ಯುದ್ವಾರವು ಅಳೆಯುತ್ತದೆ. ಆದರೆ ಕಿಣ್ವವು ನೀರಿನಲ್ಲಿ ಕರಗುವ ವಸ್ತು. ಅದು ತೊಳೆದುಹೋಗದಂತೆ, ತನ್ನ ಗುಣವನ್ನೂ ಕಳೆದುಕೊಳ್ಳದಂತೆ, ನಿಗದಿಯಾದ ಸ್ಥಳದಲ್ಲಿಯೇ ನಿಲ್ಲಬೇಕು. ಇದೇ ಕಠಿಣವಾದ ಸಮಸ್ಯೆ.

ಈ ಸಮಸ್ಯೆಗೆ ಪರಿಹಾರವನ್ನು ಅರಸಿದ ಸಂಸ್ಥೆಗಳಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಒಂದು. 1947ರ ಜನವರಿ 4ರಂದು ಪಂಡಿತ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದ ಈ ಪ್ರಯೋಗಾಲಯವನ್ನು 1950ರ ಜನವರಿ 21ರಂದು ಸರದಾರ್ ವಲ್ಲಭಭಾಯಿ ಪಟೇಲರು ಉದ್ಘಾಟಿಸಿದರು. ಇಲ್ಲಿ ಡಾ. ಬನ್ಸಿ ಧರ್ ಮಲ್ಹೋತ್ರ ಅವರ ತಂಡವು ಪಾಲಿಅನಿಲೀನ್, ಪಾಲಿಪಿರೋಲ್ ಮೊದಲಾದ ವಿದ್ಯುದ್ವಾಹಕ ಪಾಲಿಮರುಗಳ ಮೇಲೆ ಕಿಣ್ವಗಳನ್ನು ನೆಲೆಗೊಳಿಸುವ ಸಂಶೋಧನೆಯನ್ನು ಕೈಗೊಂಡಿತು.

ಇದರ ತತ್ತ್ವ ಸರಳವಾಗಿದೆ. ಆಮ್ಲದ ಸಂಸರ್ಗದಿಂದ ಪಾಲಿಅನಿಲೀನ್ ಧನಾವೇಶವನ್ನು ಪಡೆಯುತ್ತದೆ. ಗ್ಲೂಕೋಸ್ ಆಕ್ಸಿಡೇಸ್ ರಕ್ತದಂತಹ ದ್ರವದಲ್ಲಿ ಋಣಾವೇಶವನ್ನು ಹೊಂದಿರುತ್ತದೆ. ವಿರುದ್ಧ ಆವೇಶಗಳು ಪರಸ್ಪರ ಆಕರ್ಷಿಸುವುದರಿಂದ ಕಿಣ್ವವು ಪಾಲಿಮರಿಗೆ ಅಂಟಿಕೊಳ್ಳುತ್ತದೆ. ದ್ರಾವಣದಲ್ಲಿ ವಿದ್ಯುತ್ತನ್ನು ಹರಿಸಿದಾಗ ಈ ಪಾಲಿಮರ್ ವಿದ್ಯುದ್ವಾರದ ಮೇಲೆ ಮಾತ್ರವೇ ಪದರವಾಗಿ ಬೆಳೆಯುತ್ತದೆ. ಆದುದರಿಂದ, ರಂಗೋಲಿಯ ಎಳೆಯು ಚುಕ್ಕಿಯನ್ನು ಅನುಸರಿಸುವಂತೆ, ಪಾಲಿಮರ್ ಇರುವೆಡೆಯನ್ನು ಕಿಣ್ವವು ಅನುಸರಿಸುತ್ತದೆ.

ಈ ವಿಧಾನಕ್ಕೂ ಮಿತಿಯುಂಟು. ಆಮ್ಲದ ಅಂಶ ಕಡಿಮೆಯಾದಂತೆ ಪಾಲಿಅನಿಲೀನಿನ ಆವೇಶವೂ ವಾಹಕತೆಯೂ ಕುಗ್ಗುತ್ತವೆ. ಕೇವಲ ಆಕರ್ಷಣೆಯಿಂದ ಅಂಟಿದ ಕಿಣ್ವವು ಸಡಿಲಗೊಳ್ಳುತ್ತದೆ. ಆದಕಾರಣ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಕಿಣ್ವವನ್ನು ಇನ್ನಷ್ಟು ಭದ್ರವಾಗಿ ಬಂಧಿಸುವ ಕ್ರಮವನ್ನೂ ಈ ತಂಡವು ಅನುಸರಿಸಿತು. ಕೊಲೆಸ್ಟರಾಲ್ ಅಳೆಯುವ ಸಂವೇದಕಗಳತ್ತಲೂ ಸಂಶೋಧನೆ ವಿಸ್ತರಿಸಿತು.

ಇದೇ ಆಕರ್ಷಣೆಯು ಬೇರೆಡೆಯೂ ಉಪಯೋಗಕ್ಕೆ ಬಂದಿದೆ. ಡಿಎನ್‌ಎ ಋಣಾವೇಶವುಳ್ಳದ್ದು. ಧನಾವೇಶದ ಪಾಲಿಲೈಸೀನ್ ಲೇಪಿಸಿದ ಗಾಜಿನ ಮೇಲೆ ಸಹಸ್ರಾರು ಡಿಎನ್‌ಎ ಬಿಂದುಗಳನ್ನು ಸಾಲಾಗಿ ಇರಿಸಿ, ಅನೇಕ ಜೀನುಗಳನ್ನು ಏಕಕಾಲದಲ್ಲಿ ಪರೀಕ್ಷಿಸಬಹುದು.

ರೋಗಿಗೆ ಈ ಪದರವು ಕಾಣುವುದಿಲ್ಲ. ಕಾಣುವುದು ಅಂಕಿ ಮಾತ್ರ. ದೂರದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೂ ಆ ಅಂಕಿಯನ್ನು ನಂಬುವಂತಾಗಬೇಕಾದರೆ, ಕಿಣ್ವವು ತನ್ನ ನೆಲೆಯಲ್ಲಿ ಸ್ಥಿರವಾಗಿ ನಿಲ್ಲಬೇಕು.