ಶಿಲೆ, ಸುಣ್ಣ ಮತ್ತು ನಮ್ಮ ಹೊಣೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಪೀಣ್ಯದ ಯಂತ್ರಗಳ ಸದ್ದಿನ ನಡುವೆ ಈ ಜಿನಮಂದಿರವು ತಲೆಯೆತ್ತಿರುವುದು ನಮ್ಮೆಲ್ಲರ ಪುಣ್ಯೋದಯ. ನಾನು ಪಂಡಿತನಲ್ಲ, ಕಟ್ಟಡದ ಸಾಮಾನು ಮಾರುವ ವ್ಯಾಪಾರಿ. ಸಿಮೆಂಟು ಮಾರುವವನೇ ಸುಣ್ಣದ ಗುಣ ಹೇಳುವನೆಂದು ತಾವು ನಗಬಹುದು. ವಿಷಯವು ಗಂಭೀರವಾದುದರಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಹಿರಿಯರ ಶಿಲಾಮಂದಿರಗಳು ನಿಂತಿರುವುದು ಮುಖ್ಯವಾಗಿ ಗಾರೆಯ ಅಂಟಿನಿಂದಲ್ಲ, ಕಲ್ಲಿನ ಭಾರದಿಂದ. ಶ್ರವಣಬೆಳಗೊಳದ ಚಾವುಂಡರಾಯ ಬಸದಿಯನ್ನು ನೋಡಿರಿ. 1133ರಲ್ಲಿ ಬೊಪ್ಪನು ತಂದೆ ಗಂಗರಾಜನ ನೆನಪಿಗೆ ಹಳೇಬೀಡಿನಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯನ್ನು ನೋಡಿರಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಬಂಡೆಯಲ್ಲಿ ಸಾಲು ಕುಳಿ ತೋಡಿ, ಬೆಣೆ ಬಡಿದು ಸೀಳಿದ ಕಲ್ಲನ್ನು ಮುಖಕ್ಕೆ ಮುಖ ಕೂಡುವಂತೆ ಉಳಿಯಿಂದ ಸಮಗೊಳಿಸುತ್ತಿದ್ದರು.

ಗಾರೆಯು ಬೇಕಾದುದು ಇಟ್ಟಿಗೆಯ ಶಿಖರಕ್ಕೆ, ಮಾಳಿಗೆಗೆ, ಸಂದುಗಳಿಗೆ. ಸುಟ್ಟ ಸುಣ್ಣಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು ಹಾಗೂ ಇಟ್ಟಿಗೆಪುಡಿಯನ್ನು ಕೂಡಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸುವುದುಂಟು. ಕೆಲವೆಡೆ ಕೋಳಿಮೊಟ್ಟೆಯ ಲೋಳೆಯನ್ನು ಸೇರಿಸುತ್ತಿದ್ದರೆಂದು ಹೇಳುತ್ತಾರೆ. ಅಹಿಂಸಾವ್ರತಿಗಳಾದ ನಮಗೆ ಅದು ಸಲ್ಲದು. ಬೆಲ್ಲ, ಅಳಲೆಗಳೇ ಸಾಕು. ನೀರನ್ನಂತೂ ಸೋಸಿಯೇ ಬಳಸೋಣ.

ಸುಡುವಾಗ ಕಳೆದುಕೊಂಡ ಅನಿಲವನ್ನು ಸುಣ್ಣವು ಗಾಳಿಯಿಂದ ಮರಳಿ ಹೀರಿ, ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಒಳಗಿನ ತೇವವು ಅದರ ಮೂಲಕ ಹೊರಬರುತ್ತದೆ. ಸಿಮೆಂಟು ಬೇಗ ಬಿಗಿಯುತ್ತದೆ, ಆದರೆ ತೇವವನ್ನು ಸುಲಭವಾಗಿ ಬಿಡದು. ಹಳೆಯ ಗೋಡೆಗೆ ಅದನ್ನು ಮೆತ್ತಿದರೆ ನೀರು ಒಳಗೇ ನಿಂತು, ಉಪ್ಪು ಒಸರಿ, ಇಟ್ಟಿಗೆಯೂ ಮೆದು ಕಲ್ಲೂ ಪದರಪದರವಾಗಿ ಉದುರುತ್ತವೆ. ಹೊಸ ಕಟ್ಟಡದಲ್ಲಿ ಸಿಮೆಂಟಿಗೆ ಅದರದೇ ಸ್ಥಾನವುಂಟು; ಪ್ರಾಚೀನ ಬಸದಿಯ ಗೋಡೆ ಅದರ ಸ್ಥಾನವಲ್ಲ.

ನಮ್ಮಲ್ಲಿ ಅನೇಕರು ಹಳ್ಳಿಗಳನ್ನು ಬಿಟ್ಟು ಬಂದವರು. ಊರಿನ ಬಸದಿ ಸೋರುತ್ತಿದೆಯೆಂದು ಪತ್ರ ಬಂದೊಡನೆ ಭಕ್ತಿಯಿಂದ ಹಣ ಕಳುಹಿಸುತ್ತೇವೆ. ಆ ಹಣವು ಸಿಮೆಂಟು, ಟೈಲ್ಸು, ಬಣ್ಣಗಳಾಗಿ ಶಾಸನವನ್ನೂ ಶಿಲ್ಪವನ್ನೂ ಮುಚ್ಚಿದರೆ ನಮ್ಮ ದಾನವೇ ಬಸದಿಗೆ ಕೇಡಾದೀತು. ಆದ್ದರಿಂದ ದಾನಿಗಳು ಮೊದಲು ಕೆಲಸದ ಕ್ರಮವನ್ನು ವಿಚಾರಿಸಲಿ. ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬಾರದು. ಗಾರೆ ಬಲ್ಲ ಮುದುಕ ಮೇಸ್ತ್ರಿಗಳು ಇನ್ನೂ ಕೆಲವರಿದ್ದಾರೆ. ಅವರ ಕೈಕೆಳಗೆ ಇಬ್ಬರು ಹುಡುಗರು ಕಲಿಯುವಂತೆ ಕೂಲಿ ಕೊಡುವುದೂ ಜೀರ್ಣೋದ್ಧಾರವೇ.

ಹೊಸ ಬಸದಿಯ ಪುಣ್ಯದಲ್ಲಿ ಹಳೆಯ ಬಸದಿಗಳಿಗೂ ಪಾಲಿರಲಿ ಎಂದು ಪ್ರಾರ್ಥಿಸಿ ವಿರಮಿಸುತ್ತೇನೆ. ಜೈ ಜಿನೇಂದ್ರ.